ಕೊಲೆಗಾರನ ಹೆಸರು ಹೇಳದೆ

ಭದ್ರಾವತಿಯ ಪೇಪರ್ ಟೌನಿನಲ್ಲಿ ಹಿಂದೆ ಕಾದಂಬರಿಗಳನ್ನು ದಿನದ ಬಾಡಿಗೆಗೆ ಕೊಡುವ ಒಂದು ಪುಟ್ಟ ಅಂಗಡಿಯಿತ್ತು. ರಟ್ಟು ಕಿತ್ತುಹೋದ ಪುಸ್ತಕಗಳಿಗೆ ಕಂದು ಕಾಗದದ ಹೊದಿಕೆ, ಬೆನ್ನಿಗೆ ದಪ್ಪ ದಾರದ ಹೊಲಿಗೆ, ಒಳಗೆ ಶಾಯಿಯಲ್ಲಿ ಬರೆದ ನಂಬರು. ಶಾಲೆಗೆ ಹೋಗುವ ವಯಸ್ಸಿನಲ್ಲಿ ಅಲ್ಲಿಂದ ತಂದ ಒಂದು ಪತ್ತೇದಾರಿ ಕಾದಂಬರಿಯ ಮೊದಲ ಪುಟದಲ್ಲೇ ಯಾರೋ ಪುಣ್ಯಾತ್ಮರು ಪೆನ್ಸಿಲಿನಲ್ಲಿ 'ಡಾಕ್ಟರೇ ಕೊಲೆಗಾರ' ಎಂದು ಬರೆದಿಟ್ಟಿದ್ದರು. ಬಾಡಿಗೆ ಕೊಟ್ಟಾಗಿತ್ತು, ಓದದೆ ವಿಧಿಯಿರಲಿಲ್ಲ. ಡಾಕ್ಟರು ಚೀಲ ಹಿಡಿದು ಬಂದಾಗಲೆಲ್ಲ ಚೀಲದೊಳಗೆ ವಿಷದ ಸೀಸೆ ಕಂಡಂತಾಗುತ್ತಿತ್ತು. ಅವರು ಮಗುವಿನ ನಾಡಿ ಹಿಡಿದರೆ ಮೈ ಜುಮ್ಮೆನ್ನುತ್ತಿತ್ತು. ಕೊನೆಗೆ ನೋಡಿದರೆ ಡಾಕ್ಟರು ನಿರಪರಾಧಿ! ಕೊಲೆ ಮಾಡಿದವನೇ ಬೇರೆ.

ಹಾಗೆ ನೋಡಿದರೆ ನಾನು ಓದಿದ ಮೊದಲ ಪುಸ್ತಕ ವಿಮರ್ಶೆ ಅದೇ. ಎರಡೇ ಪದಗಳ ವಿಮರ್ಶೆ. ಅದನ್ನು ಬರೆದಾತ ಒಂದೋ ಪುಸ್ತಕವನ್ನು ಪೂರ್ತಿ ಓದಿರಲಿಲ್ಲ, ಇಲ್ಲವೇ ಮುಂದೆ ಬರುವವರನ್ನು ದಾರಿ ತಪ್ಪಿಸಲೆಂದೇ ಬರೆದಿದ್ದ. ಅಚ್ಚಾದ ವಿಮರ್ಶೆಗಳಲ್ಲಿಯೂ ಈ ಎರಡು ದೋಷಗಳು ಅಪರೂಪವೇನಲ್ಲ.

ಪತ್ತೇದಾರಿ ಕಾದಂಬರಿಗೆ ವಿಮರ್ಶೆ ಯಾಕೆ ಬೇಕು ಎಂದು ಕೇಳುವವರಿದ್ದಾರೆ. ರೈಲು ಹತ್ತುವಾಗ ಕೊಂಡು ಇಳಿಯುವಾಗ ಸೀಟಿನ ಮೇಲೆ ಬಿಟ್ಟುಬರುವ ಪುಸ್ತಕವಲ್ಲವೆ ಅದು ಎಂಬುದು ಅವರ ವಾದ. ಈ ವಾದಕ್ಕೆ ಭದ್ರಾವತಿಯಂಥ ಊರೇ ಉತ್ತರ ಹೇಳಬಲ್ಲದು. 1923ರಲ್ಲಿ ಕಬ್ಬಿಣದ ಕಾರ್ಖಾನೆ ಇಲ್ಲಿ ಕೆಲಸ ಆರಂಭಿಸಿತು. 1936ರಲ್ಲಿ ಮೈಸೂರು ಕಾಗದ ಕಾರ್ಖಾನೆ ಸ್ಥಾಪನೆಯಾಯಿತು. ಮೂರು ಪಾಳಿಗಳ ಈ ಊರಿನಲ್ಲಿ ಬಾಡಿಗೆ ಲೈಬ್ರರಿಗಳನ್ನು ಸಾಕಿದವರು ರಾತ್ರಿ ಪಾಳಿಯವರು, ಅವರ ಮನೆಯ ಹೆಂಗಸರು, ಐ.ಟಿ.ಐ. ಹುಡುಗರು. ಅವರಲ್ಲಿ ಎಷ್ಟೋ ಜನರಿಗೆ ಶಾಲೆಯ ಪಠ್ಯ ಮುಗಿದ ಮೇಲೆ ಕನ್ನಡ ಅಕ್ಷರದ ಸಂಗ ಉಳಿದದ್ದು ದಿನಪತ್ರಿಕೆಯಿಂದ ಮತ್ತು ಪತ್ತೇದಾರ ಪುರುಷೋತ್ತಮನಿಂದ.

ಪುರುಷೋತ್ತಮನನ್ನು ಸೃಷ್ಟಿಸಿದ ಎನ್. ನರಸಿಂಹಯ್ಯನವರು ಓದಿದ್ದು ಪ್ರಾಥಮಿಕ ಶಾಲೆಯ ನಾಲ್ಕನೆಯ ತರಗತಿಯವರೆಗೆ. ಬರೆದದ್ದು ಐನೂರಕ್ಕೂ ಹೆಚ್ಚು ಕಾದಂಬರಿಗಳನ್ನು. 2011ರಲ್ಲಿ ಅವರು ತೀರಿಕೊಂಡಾಗ ಸಾಹಿತಿಗಳನೇಕರು ತಾವು ಬಾಲ್ಯದಲ್ಲಿ ಅವರನ್ನು ಓದಿದ್ದುದನ್ನು ಪ್ರೀತಿಯಿಂದ ನೆನೆದರು. ಆದರೆ ಆ ಐನೂರರಲ್ಲಿ ಯಾವುದು ಚೆನ್ನಾಗಿದೆ, ಯಾವುದು ಅವಸರದ ಕೆಲಸ, ಪುರುಷೋತ್ತಮ ಮೊದಲ ಪುಸ್ತಕಗಳಿಂದ ಕೊನೆಯ ಪುಸ್ತಕಗಳಿಗೆ ಹೇಗೆ ಬದಲಾದ ಎಂದು ತಿಳಿಯಲು ಇವತ್ತು ಹೊರಟರೆ ಕೈಗೆ ಸಿಗುವುದು ಬಹಳ ಕಡಿಮೆ. ಮಾ. ರಾಮಮೂರ್ತಿಯವರನ್ನು ಕನ್ನಡ ಬಾವುಟ ರೂಪಿಸಿದವರೆಂದು ಎಲ್ಲರೂ ಬಲ್ಲರು; ಅವರು ಜನಪ್ರಿಯ ಪತ್ತೇದಾರಿ ಕಾದಂಬರಿಕಾರರೂ ಆಗಿದ್ದರೆಂದು ಬಲ್ಲವರು ಕಡಿಮೆ. ಟಿ.ಕೆ. ರಾಮರಾಯರ ಹೆಸರು ಉಳಿದಿರುವುದು 'ಬಂಗಾರದ ಮನುಷ್ಯ' ಚಿತ್ರವಾದ ಕಾರಣಕ್ಕೆ. ಅವರ ರೋಚಕ ಕಾದಂಬರಿಗಳು ಅವುಗಳ ಓದುಗರ ಜೊತೆಗೇ ಮುದಿಯಾದವು. ಪತ್ರಿಕೆಗಳ 'ಸಾದರ ಸ್ವೀಕಾರ' ಅಂಕಣದಲ್ಲಿ ಹೆಸರು, ಬೆಲೆ, ಪುಟ ಅಚ್ಚಾದರೆ ಅದೇ ದೊಡ್ಡದು ಎನ್ನುವ ಪರಿಸ್ಥಿತಿ ಬಹುಕಾಲ ಇತ್ತು. ವಿಮರ್ಶೆಯಿಲ್ಲದ ಪುಸ್ತಕ ಗ್ರಂಥಾಲಯಕ್ಕೆ ಹೋಗುವುದಿಲ್ಲ, ಮರುಮುದ್ರಣ ಕಾಣುವುದಿಲ್ಲ, ಬಾಡಿಗೆ ಅಂಗಡಿ ಮುಚ್ಚಿದ ದಿನ ರದ್ದಿಗೆ ಬೀಳುತ್ತದೆ. ಭದ್ರಾವತಿಯ ಕಾಗದದ ಯಂತ್ರಗಳೂ 2015ರ ಹೊತ್ತಿಗೆ ನಿಂತವು. ಬಾಡಿಗೆ ಅಂಗಡಿಗಳು ಅದಕ್ಕೂ ಮೊದಲೇ ಟೀವಿಯ ಮುಂದೆ ಸೋತಿದ್ದವು.

ಇತ್ತ ಹದಿನೆಂಟಿಪ್ಪತ್ತು ಕಿಲೊಮೀಟರ್ ದೂರದ ಶಿವಮೊಗ್ಗೆಯಲ್ಲಿ ಸಾಹಿತ್ಯದ ಮಾತಿಗೆ ಎಂದೂ ಬರವಿರಲಿಲ್ಲ. ಇಲ್ಲಿನ ಕರ್ನಾಟಕ ಸಂಘ ಶುರುವಾದದ್ದು 1930ರಲ್ಲಿ. ಕುವೆಂಪು, ಎಂ.ಕೆ. ಇಂದಿರಾ, ಜಿ.ಎಸ್. ಶಿವರುದ್ರಪ್ಪ, ಅನಂತಮೂರ್ತಿ, ಲಂಕೇಶ್ ಎಲ್ಲರೂ ಈ ಜಿಲ್ಲೆಯವರೇ. ಕಾವ್ಯದ ಒಂದು ಸಾಲಿಗಾಗಿ ಸಂಜೆಯಿಡೀ ಜಗಳವಾಡುವ ಜನ ಇಲ್ಲಿದ್ದರು. ಆದರೆ ಅದೇ ಜನ ಬಸ್ಸಿನಲ್ಲಿ ಓದುತ್ತಿದ್ದ ಪತ್ತೇದಾರಿ ಪುಸ್ತಕವನ್ನು ಸಭೆಗೆ ಬರುವ ಮೊದಲು ಚೀಲದೊಳಗೆ ಇಳಿಬಿಡುತ್ತಿದ್ದರು.

ಹೊರಗೆ ಎಲ್ಲ ಕಡೆ ಹೀಗೇ ಇರಲಿಲ್ಲ. ಎಡ್ಗರ್ ಆಲನ್ ಪೋ 1841ರಲ್ಲಿ ಪ್ಯಾರಿಸ್ಸಿನ ಬೀದಿಯೊಂದರ ಕೊಲೆಗಳ ಬಗ್ಗೆ ಬರೆದ ಕಥೆಯಿಂದ ಈ ಪ್ರಕಾರದ ಆಧುನಿಕ ರೂಪವನ್ನು ಲೆಕ್ಕ ಹಾಕುವುದು ವಾಡಿಕೆ. ಮುಂದಿನ ಶತಮಾನದಲ್ಲಿ ಅದಕ್ಕೆ ಒಳ್ಳೆಯ ವಿಮರ್ಶಕರು ಸಿಕ್ಕರು. ಡೊರೊತಿ ಸೇಯರ್ಸ್ ತಾನೇ ಹೆಸರಾಂತ ಪತ್ತೇದಾರಿ ಲೇಖಕಿ; ಆಕೆ 1933ರಿಂದ 1935ರವರೆಗೆ ಲಂಡನ್ನಿನ 'ಸಂಡೇ ಟೈಮ್ಸ್' ಪತ್ರಿಕೆಗೆ ಅಪರಾಧ ಕಾದಂಬರಿಗಳ ವಿಮರ್ಶೆ ಬರೆದಳು. ಅಮೆರಿಕದಲ್ಲಿ ಆಂಥೊನಿ ಬೌಚರ್ 1951ರಿಂದ 1968ರಲ್ಲಿ ಸಾಯುವವರೆಗೆ 'ನ್ಯೂಯಾರ್ಕ್ ಟೈಮ್ಸ್' ಪತ್ರಿಕೆಯಲ್ಲಿ ಇದೇ ಕೆಲಸ ಮಾಡಿದ. ಅವರು ಮಾಡಿದ್ದು ಸರಳವಾದ ಕೆಲಸ. ಅಗ್ಗದ ಪುಸ್ತಕಗಳ ರಾಶಿಯಲ್ಲಿ ಕೈಹಾಕಿ ಇದನ್ನು ಓದಿ, ಇದನ್ನು ಬಿಡಿ, ಯಾಕೆಂದರೆ ಹೀಗೆ ಎಂದು ವಾರವಾರ ಹೇಳಿದರು. ಲೇಖಕರಿಗೆ ತಮ್ಮನ್ನು ಯಾರೋ ಗಮನವಿಟ್ಟು ಓದುತ್ತಿದ್ದಾರೆಂಬ ಭಯ ಹುಟ್ಟಿತು. ಆ ಭಯ ಒಳ್ಳೆಯದು.

ವಿರೋಧಿಗಳೂ ಇದ್ದರು. ಎಡ್ಮಂಡ್ ವಿಲ್ಸನ್ ಎಂಬ ದೊಡ್ಡ ವಿಮರ್ಶಕ 1944ರಲ್ಲಿ ಜನ ಪತ್ತೇದಾರಿ ಕಥೆಗಳನ್ನು ಯಾಕಾದರೂ ಓದುತ್ತಾರೋ ಎಂದು ಬರೆದು, ಓದುಗರ ಪ್ರತಿಭಟನೆಯ ಪತ್ರಗಳು ಬಂದ ಮೇಲೆ 1945ರಲ್ಲಿ ಇನ್ನಷ್ಟು ಖಾರವಾಗಿ ಮತ್ತೊಮ್ಮೆ ಬರೆದ. ರೋಜರ್ ಆಕ್ರಾಯ್ಡ್‌ನನ್ನು ಯಾರು ಕೊಂದರೇನು ಎಂಬರ್ಥದ ತಲೆಬರಹ ಅದಕ್ಕೆ. ವಿಲ್ಸನ್ ಬುದ್ಧಿವಂತ. ಆದರೆ ಅವನು ಯಕ್ಷಗಾನಕ್ಕೆ ಹೋಗಿ ಮಾತೆಲ್ಲ ಗಟ್ಟಿಯಾಯಿತು ಎಂದು ದೂರುವವನ ಹಾಗೆ ಕಾಣುತ್ತಾನೆ. ಪ್ರಕಾರವೊಂದು ತನ್ನ ಓದುಗನಿಗೆ ಏನನ್ನು ಕೊಡುತ್ತೇನೆಂದು ಮಾತುಕೊಟ್ಟಿದೆಯೋ ಅದನ್ನು ಮೊದಲು ತಿಳಿಯಬೇಕು, ಮಾತು ಉಳಿಸಿಕೊಂಡಿತೇ ಎಂದು ಆಮೇಲೆ ಕೇಳಬೇಕು. ಕ್ಷೇಮೇಂದ್ರ ಹೇಳುವ ಔಚಿತ್ಯವನ್ನು ಪತ್ತೇದಾರಿ ಪುಸ್ತಕಕ್ಕೂ ಅನ್ವಯಿಸಬಹುದು. ಅದರ ಮಾನ ಕಳೆಯುವುದಿಲ್ಲ.

ಈಗ ಎಲ್ಲಕ್ಕಿಂತ ಕಷ್ಟದ ಪ್ರಶ್ನೆಗೆ ಬರೋಣ. ಎಷ್ಟು ಹೇಳಬೇಕು?

ವಿಲ್ಸನ್ ಅಣಕಿಸಿದ ಆ ರೋಜರ್ ಆಕ್ರಾಯ್ಡ್‌ನ ಕಾದಂಬರಿಯನ್ನೇ ತೆಗೆದುಕೊಳ್ಳಿ. ಅಗಾಥಾ ಕ್ರಿಸ್ಟಿ ಅದನ್ನು 1926ರಲ್ಲಿ ಪ್ರಕಟಿಸಿದಾಗ, ಆಕೆ ಓದುಗರಿಗೆ ಮೋಸ ಮಾಡಿದಳೋ ಇಲ್ಲವೋ ಎಂದು ದೊಡ್ಡ ವಿವಾದವೇ ಎದ್ದಿತು. ಸುಮಾರು ನೂರು ವರ್ಷ ಕಳೆದ ಮೇಲೂ ಅಲ್ಲಿ ಕೊಲೆಗಾರ ಯಾರೆಂದು ನಾನು ಇಲ್ಲಿ ಬರೆಯುವುದಿಲ್ಲ. ಬರೆದರೆ ಯಾರೂ ಜೈಲಿಗೆ ಹಾಕುವುದಿಲ್ಲ. ಆದರೆ ಈ ಪತ್ರಿಕೆ ಓದುತ್ತಿರುವ, ಇನ್ನೂ ಆ ಪುಸ್ತಕ ಓದದ ಹದಿನಾರರ ಹುಡುಗಿಯೊಬ್ಬಳಿಂದ ಒಂದು ರಾತ್ರಿಯ ಸಂತೋಷವನ್ನು ನಾನು ಕಿತ್ತುಕೊಂಡಂತಾಗುತ್ತದೆ. ಅವಳಿಗೆ ಅದನ್ನು ವಾಪಸು ಕೊಡಲು ನನ್ನಿಂದ ಸಾಧ್ಯವಿಲ್ಲ. ಕವಿತೆಯನ್ನು ಎಷ್ಟು ವಿವರಿಸಿದರೂ ಕವಿತೆ ಉಳಿಯುತ್ತದೆ. ಪತ್ತೇದಾರಿ ಕಥೆಯಲ್ಲಿ ಒಂದು ಭಾಗ ಮಾತ್ರ ಒಮ್ಮೆ ಒಡೆದರೆ ಮತ್ತೆ ಕೂಡುವುದಿಲ್ಲ. ಓದುಗನಿಗೆ ಅದು ಒಮ್ಮೆಯೇ ಸಿಗುವ ಓದು.

ಹೆಸರು ಹೇಳದೆಯೂ ಗುಟ್ಟು ಬಿಟ್ಟುಕೊಡಬಹುದು ಎಂಬುದು ಅನೇಕ ವಿಮರ್ಶಕರಿಗೆ ಹೊಳೆಯುವುದಿಲ್ಲ. 'ಯಾರೂ ಊಹಿಸಲಾರದ ವ್ಯಕ್ತಿಯೇ ಕೊಲೆಗಾರ' ಎಂದು ಬರೆದಿರೋ, ಓದುಗ ಮೊದಲ ಅಧ್ಯಾಯದಿಂದಲೇ ಅತಿ ಸಾಧುವಾದ ಪಾತ್ರವನ್ನು ಹಿಡಿದು ಕೂರುತ್ತಾನೆ. 'ಕೊನೆಯ ತಿರುವು ಬೆರಗು ಹುಟ್ಟಿಸುತ್ತದೆ' ಎಂದರೆ ಬೆರಗು ಅಲ್ಲಿಗೇ ಅರ್ಧವಾಯಿತು. 'ಲೇಖಕರು ಇಂಥ ಪುಸ್ತಕದಿಂದ ಪ್ರೇರಣೆ ಪಡೆದಿದ್ದಾರೆ' ಎಂದು ಪಾಂಡಿತ್ಯ ತೋರಿಸುವ ವಿಮರ್ಶಕ, ಆ ಪುಸ್ತಕ ಓದಿದವರಿಗೆಲ್ಲ ಕೊಲೆಗಾರನ ಮನೆಯ ವಿಳಾಸ ಕೊಟ್ಟ ಹಾಗೆ. ನನ್ನ ಮಟ್ಟಿಗೆ ಒಂದು ಲೆಕ್ಕವಿದೆ. ಮೊದಲ ನಾಲ್ಕನೆಯ ಒಂದು ಭಾಗದಲ್ಲಿ ನಡೆಯುವುದನ್ನು ಧಾರಾಳವಾಗಿ ಹೇಳಬಹುದು. ಅನಂತರದ್ದನ್ನು ಘಟನೆಯಾಗಿ ಹೇಳದೆ ಗುಣವಾಗಿ ಹೇಳಬೇಕು. ಇದು ಎಲ್ಲ ಪುಸ್ತಕಕ್ಕೂ ಹೊಂದುತ್ತದೆಂದಲ್ಲ.

ಹೊಂದದ ಪುಸ್ತಕವೊಂದು ನಮ್ಮಲ್ಲೇ ಇದೆ. ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳಿಯಲ್ಲಿ ಹುಟ್ಟಿದ ಪೂರ್ಣಚಂದ್ರ ತೇಜಸ್ವಿಯವರ 'ಚಿದಂಬರ ರಹಸ್ಯ' 1985ರಲ್ಲಿ ಬಂತು. 1987ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆಯಿತು. ಕೆಸರೂರೆಂಬ ಮಲೆನಾಡಿನ ಊರು, ಕುಸಿಯುತ್ತಿರುವ ಏಲಕ್ಕಿ ಬೆಳೆ, ಏಲಕ್ಕಿ ವಿಜ್ಞಾನಿ ಜೋಗಿಹಾಳರ ಸಾವು, ತನಿಖೆಗೆ ಬರುವ ಗುಪ್ತಚರ ಅಧಿಕಾರಿ ಅಂಗಡಿ. ಇಷ್ಟು ಹೇಳಿದರೆ ಅಪ್ಪಟ ಪತ್ತೇದಾರಿ ಕಾದಂಬರಿ. ಆದರೆ ತನಿಖೆ ಮುಂದುವರಿದಂತೆ ಊರಿನ ಜಾತಿ ಜಗಳ, ಕಾಡಿನ ಲೂಟಿ, ಹುಡುಗರ ಕ್ರಾಂತಿ, ರಫಿ–ಜಯಂತಿಯರ ಪ್ರೇಮ ಎಲ್ಲ ಒಂದರ ಮೇಲೊಂದು ಬಂದು ಬೀಳುತ್ತವೆ. ಈ ಪುಸ್ತಕವನ್ನು ವಿಮರ್ಶಿಸುವವನಿಗೆ ಇಕ್ಕಟ್ಟು ಒದಗುವುದು ಕೊನೆಯಲ್ಲಿ. ಆ ಕೊನೆಯನ್ನು ಮುಟ್ಟದೆ ಕೃತಿಯ ಅರ್ಥದ ಬಗ್ಗೆ ಮಾತಾಡುವುದು ಕಷ್ಟ. ಮುಟ್ಟಿದರೆ ಹೊಸ ಓದುಗನಿಗೆ ಅನ್ಯಾಯ. ಇಂಥಲ್ಲಿ ವಿಮರ್ಶೆ ಮತ್ತು ವಿವೇಚನೆ ಎರಡೂ ಬೇರೆ ಎಂದು ಒಪ್ಪಿಕೊಳ್ಳುವುದು ಲೇಸು. ವಾರಪತ್ರಿಕೆಯ ವಿಮರ್ಶೆ ಇನ್ನೂ ಓದದವರಿಗೆ ಬರೆದದ್ದು. ಓದಿ ಮುಗಿಸಿದವರಿಗಾಗಿ ಬರೆಯುವ ದೀರ್ಘ ಲೇಖನದಲ್ಲಿ ಏನನ್ನಾದರೂ ಬಿಚ್ಚಬಹುದು, ಮೊದಲ ಸಾಲಿನಲ್ಲೇ ಎಚ್ಚರಿಕೆ ಕೊಟ್ಟರಾಯಿತು.

ಅನಂತಮೂರ್ತಿಯವರ 'ಸಂಸ್ಕಾರ'ವನ್ನು ಇಲ್ಲಿ ನೆನೆಯುವುದು ಕೆಲವರಿಗೆ ಅಪಚಾರವೆನಿಸಬಹುದು. 1965ರ ಆ ಕಾದಂಬರಿಯ ಮೊದಲ ಪುಟಗಳಲ್ಲೇ ಒಂದು ಹೆಣವಿದೆ. ಶಿವಮೊಗ್ಗೆಗೆ ಹೋಗಿ ಜ್ವರ ಹೊತ್ತು ಬಂದ ನಾರಣಪ್ಪ ಸತ್ತಿದ್ದಾನೆ. ಇಡೀ ಅಗ್ರಹಾರ ಒಂದು ಪ್ರಶ್ನೆಗೆ ಉತ್ತರ ಹುಡುಕುತ್ತಿದೆ. ಕೊಂದವರು ಯಾರು ಎಂಬುದಲ್ಲ, ಸುಡುವವರು ಯಾರು ಎಂಬುದು ಪ್ರಶ್ನೆ. ಹುಡುಕಾಟ ಮುಂದುವರಿದ ಹಾಗೆ ಹುಡುಕುವವನೇ ಬಯಲಾಗುತ್ತಾನೆ. ಒಳ್ಳೆಯ ಪತ್ತೇದಾರಿ ಕಾದಂಬರಿಯಲ್ಲೂ ಹೆಣವೆಂಬುದು ಒಂದು ನೆಪ. ಅದು ಬಿದ್ದ ಜಾಗದ ಸುತ್ತ ಯಾರು ಯಾರಿಗೆ ಎಷ್ಟು ಸಾಲ ಕೊಡಬೇಕು, ಯಾರು ಯಾರನ್ನು ನೋಡಿ ದಾರಿ ತಪ್ಪಿಸಿ ನಡೆಯುತ್ತಾರೆ ಎಂಬುದೆಲ್ಲ ಹೊರಬೀಳುತ್ತದೆ. ಈ ಕೆಲಸ ಕಾದಂಬರಿಯಲ್ಲಿ ಆಗಿದೆಯೇ ಎಂದು ವಿಮರ್ಶಕ ನೋಡಬೇಕು. ಇದನ್ನು ಹೇಳಲು ಯಾವ ಗುಟ್ಟನ್ನೂ ಒಡೆಯಬೇಕಾಗಿಲ್ಲ.

ಎರಡನೆಯದು ನ್ಯಾಯದ ಪ್ರಶ್ನೆ. ಪತ್ತೇದಾರನಿಗೆ ಸಿಕ್ಕಿದ ಸುಳಿವು ಓದುಗನಿಗೂ ಸಿಗಬೇಕೆಂಬುದು ಈ ಪ್ರಕಾರದ ಹಳೆಯ ಒಪ್ಪಂದ. ಇಂಗ್ಲೆಂಡಿನ ರೊನಾಲ್ಡ್ ನಾಕ್ಸ್ ಎಂಬ ಪಾದ್ರಿ 1929ರಲ್ಲಿ ಇದಕ್ಕೆ ಹತ್ತು ಕಟ್ಟಳೆಗಳನ್ನೇ ಬರೆದಿಟ್ಟ. ಅವನೂ ಪತ್ತೇದಾರಿ ಕಥೆಗಳ ಲೇಖಕ. ಒಂದಕ್ಕಿಂತ ಹೆಚ್ಚು ಗುಪ್ತದ್ವಾರ ಇರಬಾರದು, ದೆವ್ವ ಭೂತಗಳಿಂದ ಸಮಸ್ಯೆ ಬಗೆಹರಿಯಬಾರದು ಎಂಬಂಥವು ಅವು. ಅರ್ಧ ತಮಾಷೆಯ ಈ ಕಟ್ಟಳೆಗಳನ್ನು ಮುರಿದೇ ದೊಡ್ಡ ಲೇಖಕರು ಹೆಸರು ಮಾಡಿದರು ಎಂಬುದು ಬೇರೆ ಮಾತು. ಆದರೆ ಮೂಲದ ತತ್ವ ಸರಿಯಾದದ್ದು. ಕೊನೆಯ ಅಧ್ಯಾಯದಲ್ಲಿ ದುಬೈಯಿಂದ ಇದ್ದಕ್ಕಿದ್ದಂತೆ ಅವಳಿ ತಮ್ಮ ಬಂದಿಳಿದರೆ ಅದಕ್ಕೆ ಬೆರಗು ಎನ್ನುವುದಿಲ್ಲ, ಟೋಪಿ ಎನ್ನುತ್ತಾರೆ.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ ಎಂಬ ನಮ್ಮ ಗಾದೆ ಒಂದು ಸಂಪೂರ್ಣ ಪತ್ತೇದಾರಿ ಕಥೆ. ಅಪರಾಧ ಇದೆ, ಗುಂಪು ಇದೆ, ಬಲೆ ಇದೆ, ಸುಳಿವು ಇದೆ. ಕುಂಬಳಕಾಯಿಯ ಬೂದಿ ಹೆಗಲಿಗೆ ಅಂಟುತ್ತದೆಂಬ ಸಂಗತಿ ಕೇಳುವವನಿಗೆ ಮೊದಲೇ ಗೊತ್ತು, ಕಳ್ಳನಿಗೂ ಗೊತ್ತು. ಎಲ್ಲರ ಕಣ್ಣೆದುರು ಇದ್ದದ್ದನ್ನೇ ಉಪಯೋಗಿಸಿ ಹಿಡಿದದ್ದರಿಂದ ಅದರಲ್ಲಿ ಸೊಗಸಿದೆ. ಆನಂದವರ್ಧನ ಹೇಳುವ ಧ್ವನಿಯಲ್ಲಿ ಹೇಳದೆ ಇದ್ದ ಅರ್ಥ ಸಹೃದಯನಿಗೆ ಹೊಳೆಯುತ್ತದೆ. ಪತ್ತೇದಾರಿ ಸುಳಿವಿನ ರೀತಿ ಅದರ ತಿರುವುಮುರುವು, ಹೇಳಿದ್ದೇ ಹೊಳೆಯದೆ ಉಳಿಯಬೇಕು, ಕೊನೆಗೆ ಹೊಳೆದಾಗ 'ಅಯ್ಯೋ, ಕಂಡಿತ್ತಲ್ಲ!' ಎನಿಸಬೇಕು. ಆದ್ದರಿಂದ ವಿಮರ್ಶಕ ಪುಸ್ತಕವನ್ನು ಎರಡು ಸಲ ಓದಬೇಕು ಎನ್ನುವವನು ನಾನು. ಮೊದಲ ಸಲ ಮೋಸಹೋಗಲು, ಎರಡನೆಯ ಸಲ ಮೋಸ ನ್ಯಾಯವಾಗಿತ್ತೇ ಎಂದು ನೋಡಲು. ಪುಸ್ತಕಕ್ಕೆ ಇನ್ನೂರು ರೂಪಾಯಿ ಕೊಡುವವನ ಪರವಾಗಿ ಅಷ್ಟೂ ಶ್ರಮ ಪಡದವನು ಬೇರೆ ಕೆಲಸ ನೋಡಿಕೊಳ್ಳಬಹುದು.

ಮೂರನೆಯದು ಊರಿನ ಸತ್ಯ. ಇದಕ್ಕೆ ಒಂದು ಕಲ್ಪಿತ ಉದಾಹರಣೆ ಕೊಡುತ್ತೇನೆ. ಒಂದು ಕಾದಂಬರಿಯಲ್ಲಿ ಭದ್ರಾವತಿಯ ಸೇತುವೆಯ ಮೇಲಿಂದ ರಾತ್ರಿ ಒಬ್ಬ ನಿವೃತ್ತ ಟೈಂ ಕೀಪರನ ಹೆಣವನ್ನು ನದಿಗೆ ಎಸೆಯುತ್ತಾರೆ, ಮರುದಿನ ಅದು ಶಿವಮೊಗ್ಗೆಯ ಸೇತುವೆಯ ಕೆಳಗೆ ಸಿಗುತ್ತದೆ ಎಂದಿಟ್ಟುಕೊಳ್ಳಿ. ಬೆಂಗಳೂರಿನ ವಿಮರ್ಶಕನಿಗೆ ಇದು ರೋಮಾಂಚಕ ದೃಶ್ಯ. ನಮ್ಮ ಕಡೆಯ ಶಾಲೆಯ ಮಗುವೂ ನಗುತ್ತದೆ. ಭದ್ರಾವತಿಯಲ್ಲಿ ಹರಿಯುವುದು ಭದ್ರೆ, ಶಿವಮೊಗ್ಗೆಯಲ್ಲಿ ತುಂಗೆ. ಎರಡೂ ಸೇರುವುದು ಇನ್ನೂ ಕೆಳಗೆ, ಕೂಡಲಿಯಲ್ಲಿ. ಭದ್ರೆಗೆ ಬಿದ್ದದ್ದು ಹೊಳೆಹೊನ್ನೂರಿನ ಕಡೆ ಸಿಗಬಹುದು, ಕೂಡಲಿಯಲ್ಲಿ ಸಿಗಬಹುದು, ಹೊನ್ನಾಳಿಯವರೆಗೂ ಹೋಗಬಹುದು. ಶಿವಮೊಗ್ಗೆಯ ಸೇತುವೆಯ ಕೆಳಗೆ ಮಾತ್ರ ಬರಲಾರದು, ಯಾಕೆಂದರೆ ಅದಕ್ಕೆ ಅದು ತುಂಗೆಯಲ್ಲಿ ಹಿಂದಕ್ಕೆ ಈಜಬೇಕು! ಇನ್ನು ಕಾಲ ಯಾವುದು? ಮಳೆಗಾಲದ ಭದ್ರೆ ಬೇರೆ, ಲಕ್ಕವಳ್ಳಿಯ ಅಣೆಕಟ್ಟಿನಿಂದ ಕೆಳಗೆ ನೀರು ಕಡಿಮೆಯಾದ ಬೇಸಿಗೆಯ ಭದ್ರೆ ಬೇರೆ. ಇದೆಲ್ಲ ಬೆಣ್ಣೆಯಲ್ಲಿ ಕಲ್ಲು ಹುಡುಕುವ ಕೆಲಸವೆಂದು ಕೆಲವರು ಹೇಳಬಹುದು. ಸಾಮಾಜಿಕ ಕಾದಂಬರಿಯಲ್ಲಿ ಇಂಥ ತಪ್ಪನ್ನು ಕ್ಷಮಿಸಬಹುದು. ಪತ್ತೇದಾರಿಯಲ್ಲಿ ಇಡೀ ಕಟ್ಟಡವೇ ಇಂಥ ಇಟ್ಟಿಗೆಗಳ ಮೇಲೆ ನಿಂತಿದೆ. ರೈಲು ಎಷ್ಟು ಗಂಟೆಗೆ ಬಂತು, ಪಾಳಿ ಎಷ್ಟು ಗಂಟೆಗೆ ಬಿಟ್ಟಿತು, ಹೊಳೆ ಯಾವ ಕಡೆ ಹರಿಯಿತು ಎಂಬುದರಿಂದಲೇ ಒಬ್ಬನಿಗೆ ಗಲ್ಲು, ಇನ್ನೊಬ್ಬನಿಗೆ ಬಿಡುಗಡೆ.

ಕಾನೂನಿನ ಮಾತೂ ಇದೇ. ನಮ್ಮ ಕಾದಂಬರಿಗಳಲ್ಲಿ ಇನ್ಸ್‌ಪೆಕ್ಟರು ಮೇಜು ಕುಟ್ಟಿದ ಕೂಡಲೇ ಆರೋಪಿ ಗಳಗಳ ಅಳುತ್ತ ಎಲ್ಲ ಒಪ್ಪಿಕೊಳ್ಳುತ್ತಾನೆ, ಕಥೆ ಮುಗಿಯುತ್ತದೆ. ವಾಸ್ತವದಲ್ಲಿ ಪೊಲೀಸರ ಮುಂದೆ ಮಾಡಿದ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ಸಾಕ್ಷ್ಯವಾಗಿ ಬಳಸುವಂತಿಲ್ಲ. 1872ರ ಸಾಕ್ಷ್ಯ ಅಧಿನಿಯಮದ 25ನೇ ಕಲಂ ಹಾಗೆ ಹೇಳುತ್ತಿತ್ತು. 2024ರ ಜುಲೈ 1ರಿಂದ ಅದರ ಜಾಗಕ್ಕೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 23ನೇ ಕಲಂ ಕೂಡ ಅದನ್ನೇ ಹೇಳುತ್ತದೆ. ಅಂದರೆ ನಿಜವಾದ ಪತ್ತೇದಾರಿಕೆ ಶುರುವಾಗುವುದೇ ಆರೋಪಿ ಒಪ್ಪಿಕೊಂಡ ಮೇಲೆ! ಅದೇ ದಿನದಿಂದ ಕೊಲೆಗೆ 302ನೇ ಕಲಂ ಹೋಗಿ ಭಾರತೀಯ ನ್ಯಾಯ ಸಂಹಿತೆಯ 103ನೇ ಕಲಂ ಬಂದಿದೆ. 2025ರಲ್ಲಿ ನಡೆದ ಕೊಲೆಯ ಕಥೆಯಲ್ಲಿ ಠಾಣಾಧಿಕಾರಿ '302 ಹಾಕಿ' ಎಂದರೆ ಒಂದೋ ಲೇಖಕರಿಗೆ ಗೊತ್ತಿಲ್ಲ, ಇಲ್ಲವೇ ಆ ಅಧಿಕಾರಿಗೆ ಹಳೆಯ ನಾಲಿಗೆ ಹೋಗಿಲ್ಲ. ಎರಡನೆಯದಾದರೆ ಅದು ಚಂದದ ವಿವರ. ಯಾವುದೆಂದು ಗುರುತಿಸುವುದು ವಿಮರ್ಶಕನ ಕೆಲಸ. ಖಾಸಗಿ ಪತ್ತೇದಾರ ಪೊಲೀಸರಿಗೆ ಆಜ್ಞೆ ಮಾಡುವುದು, ಪಂಚರಿಲ್ಲದೆ ಮಹಜರು ಮುಗಿಯುವುದು, ಮರಣೋತ್ತರ ಪರೀಕ್ಷೆಯ ವರದಿ ಅರ್ಧ ಗಂಟೆಯಲ್ಲಿ ಕೈಸೇರುವುದು ಇವೆಲ್ಲ ಪುರುಷೋತ್ತಮನ ಕಾಲದ ಸಲಿಗೆಗಳು. ಹಳಬರಿಗೆ ಅವು ಸಲ್ಲುತ್ತಿದ್ದವು. ಇವತ್ತಿನ ಓದುಗನ ಕೈಯಲ್ಲಿ ದಿನವೂ ಅಪರಾಧ ವರದಿಗಳಿವೆ. ಅವನನ್ನು ಅಷ್ಟು ಸುಲಭವಾಗಿ ನಂಬಿಸಲಾಗದು.

ಇದಕ್ಕಿಂತ ಮುಖ್ಯವಾದ ಇನ್ನೊಂದು ಸಂಗತಿಯಿದೆ, ನಮ್ಮ ಪುಸ್ತಕ ಪರಿಚಯಗಳು ಅದನ್ನು ಮುಟ್ಟುವುದೇ ಇಲ್ಲ. ಕಾದಂಬರಿ ಯಾರನ್ನು ಅನುಮಾನಿಸುತ್ತದೆ? ಬ್ರಿಟಿಷರು 1871ರಲ್ಲಿ ತಂದ ಅಪರಾಧಿ ಬುಡಕಟ್ಟುಗಳ ಕಾಯಿದೆ ಹುಟ್ಟಿನಿಂದಲೇ ಕೆಲವು ಸಮುದಾಯಗಳನ್ನು ಕಳ್ಳರೆಂದು ಪಟ್ಟಿ ಮಾಡಿತು. ಸ್ವತಂತ್ರ ಭಾರತದಲ್ಲಿ 1952ರಲ್ಲಿ ಅದು ರದ್ದಾಯಿತು. ಕಾಯಿದೆ ಹೋದರೂ ಕಥೆಗಳಲ್ಲಿ ಅದರ ವಾಸನೆ ಉಳಿಯಿತು. ಊರಿಗೆ ಹೊಸದಾಗಿ ಬಂದ ಅಲೆಮಾರಿ, ತೋಟಕ್ಕೆ ಕೂಲಿಗೆ ಬಂದ ಹೊರರಾಜ್ಯದ ಆಳು, ಮುಖದ ಮೇಲೆ ಮಚ್ಚೆ ಇರುವ ಕಪ್ಪು ಮನುಷ್ಯ ಇವರ ಮೇಲೆ ಲೇಖಕನ ಬೆರಳು ತಾನಾಗಿ ಹೋಗುತ್ತದೆ. ನಾಕ್ಸ್‌ನ ಹತ್ತು ಕಟ್ಟಳೆಗಳಲ್ಲಿ ಕಥೆಯೊಳಗೆ ಚೀನೀಯ ಇರಕೂಡದು ಎಂಬುದೂ ಒಂದು. ಈಗ ಓದಿದರೆ ಕಸಿವಿಸಿಯಾಗುತ್ತದೆ. ಆ ಕಾಲದ ಅಗ್ಗದ ಲೇಖಕರಿಗೆಲ್ಲ ಚೀನೀಯನೇ ಸಿದ್ಧ ಖಳನಾಗಿದ್ದುದಕ್ಕೆ ಅದು ಗುರುತು. ನಮ್ಮ ಸಿದ್ಧ ಖಳರು ಯಾರು ಎಂದು ನಮ್ಮ ವಿಮರ್ಶಕರು ಕೇಳಬೇಕು. ಸತ್ತವರ ಬಗ್ಗೆಯೂ ಕೇಳಬೇಕು. ಮೊದಲ ಪುಟದಲ್ಲಿ ಸಾಯುವ ಹೆಣ್ಣಿಗೆ ಒಂದು ಹೆಸರು, ಒಂದು ಸಿಟ್ಟು, ಒಂದು ಇಷ್ಟದ ತಿಂಡಿ ಇದೆಯೇ, ಅಥವಾ ಅವಳು ಬರೀ ಸೀರೆ ಮತ್ತು ರಕ್ತವೇ?

ಈ ಜಿಲ್ಲೆಯಲ್ಲಿ ಕೂತು ಅಪರಾಧದ ಮಾತಾಡುವವನಿಗೆ ಈಸೂರು ನೆನಪಾಗದಿರದು. 1942ರಲ್ಲಿ ಸ್ವಾತಂತ್ರ್ಯ ಘೋಷಿಸಿಕೊಂಡ ಶಿಕಾರಿಪುರ ತಾಲ್ಲೂಕಿನ ಆ ಹಳ್ಳಿಯಲ್ಲಿ ನಡೆದ ಘರ್ಷಣೆಯಲ್ಲಿ ಅಮಲ್ದಾರರೂ ಸಬ್ ಇನ್ಸ್‌ಪೆಕ್ಟರರೂ ಸತ್ತರು. 1943ರಲ್ಲಿ ಐವರನ್ನು ಗಲ್ಲಿಗೇರಿಸಲಾಯಿತು. ಕೋರ್ಟಿನ ದಾಖಲೆಯಲ್ಲಿ ಅವರು ಕೊಲೆಗಾರರು, ಊರಿನ ಸ್ಮಾರಕದಲ್ಲಿ ಹುತಾತ್ಮರು. ಸತ್ತ ಅಧಿಕಾರಿಗಳಿಗೂ ಮನೆಗಳಿದ್ದವು. ಕೊಲೆ ಯಾರು ಮಾಡಿದರು ಎಂಬುದು ಸುಲಭದ ಪ್ರಶ್ನೆ, ಅದನ್ನು ಏನೆಂದು ಕರೆಯಬೇಕು ಎಂಬುದು ಕಷ್ಟದ್ದು. ಈ ಕಷ್ಟವನ್ನು ಅರಿತ ಪತ್ತೇದಾರಿ ಕಾದಂಬರಿ ಸಿಕ್ಕರೆ ವಿಮರ್ಶಕ ಬಾಗಿಲಿಗೆ ಬಂದು ಸ್ವಾಗತಿಸಬೇಕು.

ಬರೆಯುವ ರೀತಿಯ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. 'ಒಮ್ಮೆ ಕೈಗೆತ್ತಿಕೊಂಡರೆ ಕೆಳಗಿಡಲು ಮನಸ್ಸಾಗುವುದಿಲ್ಲ. ಮುಖಪುಟ ಅರ್ಥಪೂರ್ಣವಾಗಿದೆ. ಅಲ್ಲಲ್ಲಿ ಮುದ್ರಣ ದೋಷಗಳನ್ನು ನಿವಾರಿಸಬಹುದಿತ್ತು. ಬೆಲೆ ತುಸು ಹೆಚ್ಚಾಯಿತು.' ಈ ನಾಲ್ಕು ವಾಕ್ಯಗಳನ್ನು ಯಾವ ಪುಸ್ತಕಕ್ಕೂ ಅಂಟಿಸಬಹುದು, ಪಂಚಾಂಗಕ್ಕೂ ಸಹ. ನಮ್ಮ ಟೈಂ ಕೀಪರನ ಕಾದಂಬರಿಗೆ ನಾನಾದರೆ ಹೀಗೆ ಬರೆಯಲು ಯತ್ನಿಸುತ್ತೇನೆ: 'ಕಾರ್ಖಾನೆಯ ನಿವೃತ್ತರ ಮನೆಯಲ್ಲಿ ಗ್ರಾಚ್ಯುಟಿ ಹಣ ಬಂದ ಮೇಲೆ ಮಕ್ಕಳ ಮಾತಿನ ಧಾಟಿ ಹೇಗೆ ಬದಲಾಗುತ್ತದೆಂಬುದು ಈ ಲೇಖಕರಿಗೆ ಚೆನ್ನಾಗಿ ಗೊತ್ತು. ಊಟದ ಹೊತ್ತಿನ ದೃಶ್ಯಗಳು ಕೊಲೆಯ ದೃಶ್ಯಕ್ಕಿಂತ ಹೆಚ್ಚು ಭಯ ಹುಟ್ಟಿಸುತ್ತವೆ. ಆದರೆ ಹನ್ನೆರಡನೆಯ ಅಧ್ಯಾಯದ ನಂತರ ಇನ್ಸ್‌ಪೆಕ್ಟರಿಗೆ ತಿಳಿದದ್ದೆಲ್ಲ ನಮಗೆ ತಿಳಿಯುವುದಿಲ್ಲ. ಕೊನೆಯ ವಿವರಣೆ ಅದರಿಂದ ಸೊರಗಿದೆ. ಜೊತೆಗೆ ಲೇಖಕರು ಒಮ್ಮೆ ಕೂಡಲಿಗೆ ಹೋಗಿ ಹೊಳೆ ನೋಡಿಬರುವುದು ಒಳ್ಳೆಯದು.' ಇದರಲ್ಲಿ ಕೊಲೆಗಾರನ ಸುಳಿವಿಲ್ಲ. ಪುಸ್ತಕ ಕೊಳ್ಳಬೇಕೇ ಬೇಡವೇ ಎಂದು ತೀರ್ಮಾನಿಸಲು ಓದುಗನಿಗೆ ಬೇಕಾದದ್ದಿದೆ. ಮುಂದಿನ ಪುಸ್ತಕಕ್ಕೆ ಲೇಖಕರಿಗೂ ಏನಾದರೂ ಸಿಗಬಹುದು.

ಧಾರಾವಾಹಿಯಾಗಿ ಬಂದ ಕೃತಿಗೆ ಸ್ವಲ್ಪ ರಿಯಾಯಿತಿ ಕೊಡಬೇಕು. ವಾರಪತ್ರಿಕೆಯಲ್ಲಿ ಪ್ರತಿ ವಾರ ಕೊನೆಗೆ ಬಾಗಿಲು ತಟ್ಟಿದ ಸದ್ದು ಕೇಳಲೇಬೇಕು; ಅದೇ ಪುಸ್ತಕವಾದಾಗ ಇಪ್ಪತ್ತೆಂಟು ಸಲ ಬಾಗಿಲು ತಟ್ಟಿ ತಲೆನೋವು ಬರುತ್ತದೆ. ಅನುವಾದಗಳ ಬಗ್ಗೆಯೂ ಒಂದು ಮಾತು. ತೆಲುಗಿನಿಂದ, ಇಂಗ್ಲಿಷಿನಿಂದ ಬರುವ ಪುಸ್ತಕಗಳಲ್ಲಿ ಸುಳಿವು ಕೆಲವೊಮ್ಮೆ ಭಾಷೆಯಲ್ಲೇ ಅಡಗಿರುತ್ತದೆ. ಮೂಲದಲ್ಲಿ ಹೆಣ್ಣೋ ಗಂಡೋ ತಿಳಿಯದ ಹಾಗೆ ಬರೆದ ಒಂದು ವಾಕ್ಯ, ಕನ್ನಡಕ್ಕೆ ಬರುವಾಗ 'ಬಂದಳು' ಎಂದಾದರೆ ಅನುವಾದಕರೇ ಕೊಲೆಗಾರಳನ್ನು ಹಿಡಿದುಕೊಟ್ಟಂತಾಯಿತು. ಇದನ್ನು ಗಮನಿಸಿ ಹೇಳುವ ವಿಮರ್ಶಕರು ನಮಗೆ ಬೇಕು.

ಮತ್ತೆ ಆ ಪೇಪರ್ ಟೌನಿನ ಪುಸ್ತಕದ ಮಾತು. ಕಾದಂಬರಿ ಮುಗಿದ ಮೇಲೆ, 'ಮುಗಿಯಿತು' ಎಂಬ ಅಕ್ಷರಗಳ ಕೆಳಗೆ, ಬೇರೆ ಯಾರದೋ ಕೈಬರಹದಲ್ಲಿ, ನೀಲಿ ಶಾಯಿಯಲ್ಲಿ ಇನ್ನೊಂದು ಟಿಪ್ಪಣಿಯಿತ್ತು: 'ಪುಟ 41ರ ಛತ್ರಿಯನ್ನು ಇನ್ನೊಮ್ಮೆ ನೋಡಿ.' ಪುಟ ತಿರುಗಿಸಿ ನೋಡಿದೆ. ಮಳೆಯಲ್ಲಿ ನಡೆದು ಬಂದವನೊಬ್ಬ ಛತ್ರಿಯನ್ನು ಮಡಿಸಿ ಮೂಲೆಗಿಟ್ಟ ಎಂದು ಅಲ್ಲಿ ಬರೆದಿತ್ತು. ನೆಲ ಒದ್ದೆಯಾಯಿತು ಎಂದು ಬರೆದಿರಲಿಲ್ಲ. ಮರುದಿನ ಪುಸ್ತಕ ಹಿಂದಿರುಗಿಸದೆ ಇನ್ನೂ ಒಂದು ದಿನದ ಬಾಡಿಗೆ ಕೊಟ್ಟೆ.